ಸುತ್ತಿದ ಪೈಪಿಗೆ ಎರಡು ಸಲ ಎಣ್ಣೆ

"ಇದನ್ನ ಸ್ವಲ್ಪ ನೋಡ್ತೀರಾ?"

ಗೆಸಾರೆ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿದಳು. ಎದುರಿಗಿದ್ದ ಎತ್ತರದ ಯುವಕ ಅವಳ ಕೆಲಸದ ಮೇಜಿನ ಮೇಲೆ ಒಂದು ಶೂ ಇಟ್ಟಿದ್ದ. ಒಂದೇ ಒಂದು! ಅದೂ ವಯಸ್ಸಾದ ಹೆಂಗಸಿನದು, ಬಲಗಾಲಿನದು.

"ಚಪ್ಪಲಿ ಹೊಲಿಯೋರು ಬಸ್ ಸ್ಟ್ಯಾಂಡ್ ಹತ್ರ ಕೂರ್ತಾರೆ. ಇದು ಸೈಲೆನ್ಸರ್ ಸಾಲು."

"ಗೊತ್ತು ಫುಂಡಿ. ಅಡಿ ತಿರುಗಿಸಿ ನೋಡಿ."

ನಕುರು ನಗರದಲ್ಲಿ ಕೈಕೆಲಸ ಬಲ್ಲ ಯಾರನ್ನಾದರೂ 'ಫುಂಡಿ' ಎನ್ನುತ್ತಾರೆ. ಆದರೆ ಹೊಸಬರು ಗೆಸಾರೆಯನ್ನು ಹಾಗೆ ಕರೆಯುವ ಮೊದಲು ಅಕ್ಕಪಕ್ಕ ನೋಡಿ, ಗಂಡಸರು ಯಾರಾದರೂ ಇದ್ದಾರಾ ಎಂದು ಹುಡುಕುವುದಿತ್ತು. ಇವನು ಹುಡುಕಲಿಲ್ಲ.

ಅವಳು ಶೂ ತಿರುಗಿಸಿದಳು. ರಬ್ಬರ್ ಒಂದು ಅಂಚಿನಲ್ಲಿ ಕರಗಿ ಹೋಗಿತ್ತು.

"ಹಳೇ ಕಾರು. ಎರಡೇ ಸೀಟು. ಇದನ್ನ ಹಾಕ್ಕೊಂಡೋರು ಎಡಗಡೆ ಕೂತಿದ್ರು. ಬಿಸಿ ಪೈಪು ಅವ್ರ ಕಾಲಡೀಲೇ ಹಾದು ಹೋಗುತ್ತೆ, ಅಡ್ಡ ತಗಡು ತುಕ್ಕು ತಿಂದು ಉದುರಿ ಹೋಗಿದೆ. ಹೌದಾ?"

ಯುವಕನ ಕಣ್ಣರಳಿತು. "ಕಾರನ್ನ ನೋಡೇ ಇಲ್ವಲ್ಲ ನೀವು!"

"ಶೂ ಹೇಳ್ತಲ್ಲ!"

ಅವನು ತಲೆ ಹಿಂದಕ್ಕೆ ಹಾಕಿ ಜೋರಾಗಿ ನಕ್ಕ. ಗೆಸಾರೆಯ ಎದೆ ಝಲ್ಲೆಂದಿತು. 'ಏನೇ ಇದು, ಶೂ ತಂದವನ ನಗುವಿಗೆಲ್ಲ ಹೀಗಾಗ್ತೀಯಾ?' ಎಂದು ತನ್ನನ್ನೇ ಬೈದುಕೊಂಡಳು.

ಅವನ ಹೆಸರು ಕಿಪ್ರೋನೊ. ಮೊಲೊದ ಒಂದು ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ. ಕಾರು ಅವನ ಅಪ್ಪನದು, ಕಿತ್ತಳೆ ಬಣ್ಣದ್ದು, ಅವನಿಗಿಂತ ಎಷ್ಟೋ ವರ್ಷ ದೊಡ್ಡದು. ಅಪ್ಪ ಅದನ್ನು ರ‍್ಯಾಲಿಗಳಲ್ಲಿ ಓಡಿಸಿದ್ದರು. ಪಕ್ಕದ ಸೀಟಿನಲ್ಲಿ ಕೂತು ದಾರಿ ಓದಿ ಹೇಳುತ್ತಿದ್ದವರು ಅಮ್ಮ ತಬುತಾನಿ!

"ಅಪ್ಪ ಹೋದ ಮೇಲೆ ಅಮ್ಮ ಅದರ ಹತ್ರಾನೂ ಹೋಗಿರ್ಲಿಲ್ಲ," ಎಂದ ಕಿಪ್ರೋನೊ. "ಈ ಸಲ ಹಳೇ ಡ್ರೈವರ್‌ಗಳೆಲ್ಲ ನಕುರುನಲ್ಲಿ ಸೇರ್ತಾರಂತೆ. ಒಂದ್ಸಲ ಕೂರ್ತೀನಿ ಅಂದ್ರು. ಕೂತ್ರು... ಶೂ ಹೀಗಾಯ್ತು. ಆ ಸದ್ದಿಗೆ ಎರಡು ದಿನ ತಲೆನೋವು ಬೇರೆ."

"ತನ್ನಿ ಕಾರನ್ನ. ನಿಮ್ಮಮ್ಮ ಅದರಲ್ಲಿ ನಿದ್ದೆ ಮಾಡೋ ಹಾಗೆ ಮಾಡ್ತೀನಿ!"

ಪಕ್ಕದ ಅಂಗಡಿಯ ಗಿಚುರು ಇದನ್ನು ಕೇಳಿ ಕೆಮ್ಮಿದ. ಗೆಸಾರೆ ಅಪ್ಪನ ಜಾಗದಲ್ಲಿ ಕೂತು ನಾಲ್ಕು ವರ್ಷವಾಗಿದ್ದರೂ ಅವಳ ಪ್ರತಿ ಮಾತಿಗೂ ಅವನದೊಂದು ಕೆಮ್ಮು ಇರಲೇಬೇಕು.

ಮೂರು ವಾರ ಕೆಲಸ ನಡೆಯಿತು. ಪೈಪಿನೊಳಗೆ ಮರಳು ತುಂಬಿ, ಕೆಂಪಗೆ ಕಾಯಿಸಿ, ಸುಕ್ಕು ಬೀಳದಂತೆ ಬಗ್ಗಿಸಿದಳು. ಸದ್ದು ನುಂಗಲು ಎರಡು ಡಬ್ಬಿ ಕೂರಿಸಿದಳು. ಹಳೆಯ ಡ್ರಮ್ಮಿನ ದಪ್ಪ ತಗಡನ್ನು ಎರಡು ಪದರ ಮಾಡಿ, ನಡುವೆ ಬೆರಳಗಲ ಗಾಳಿ ಬಿಟ್ಟು, ಕಾಲಿಡುವ ಜಾಗದ ಅಡಿಗೆ ಬಿಗಿದಳು. ಕೊನೆಗೆ ಬಿಸಿ ತಡೆಯುವ ಗಾಜಿನ ನಾರಿನ ಪಟ್ಟಿಯನ್ನು ಪೈಪಿಗೆ ಬಿಗಿಯಾಗಿ ಸುತ್ತಿದಳು. ಅಂಥ ಪಟ್ಟಿ ಆ ಸಾಲಿಗೆ ಬಂದದ್ದು ಅದೇ ಮೊದಲು. ನೈರೋಬಿಯಿಂದ ತರಿಸಿದ್ದಳು.

ದಿನಾ ಸಂಜೆ ಕಿಪ್ರೋನೊ ಬರುತ್ತಿದ್ದ. ವೆಲ್ಡಿಂಗ್ ಹೊಗೆ ಕುಡಿದವರು ಹಾಲು ಕುಡಿಯಬೇಕೆಂಬುದು ಆ ಸಾಲಿನವರ ನಂಬಿಕೆ. ಉಳಿದವರೆಲ್ಲ ಪ್ಯಾಕೆಟ್ ಹಾಲು ಕುಡಿದರೆ, ಗೆಸಾರೆಗೆ ಮಾತ್ರ ಸೋರೆ ಬುರುಡೆಯಲ್ಲಿ ಹುಳಿ ಬರಿಸಿದ, ಇದ್ದಿಲ ಘಮದ ಮುರ್ಸಿಕ್ ಹಾಲು!

"ಅಮ್ಮ ಕೊಟ್ಟಿದ್ದು," ಎನ್ನುತ್ತಿದ್ದ.

"ನಾನು ಯಾರು ಅಂತ ಅವ್ರಿಗೆ ಗೊತ್ತಾ?"

"ಶೂ ಜೊತೆ ಮಾತಾಡೋ ಹುಡುಗಿ ಅಂತ ಹೇಳಿದ್ದೀನಿ."

ಅವಳು ಬುರುಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಡಿಯುತ್ತಿದ್ದಳು, ನಾಚಿಕೆ ಕಾಣದಿರಲೆಂದು.

ಕಾರು ಹಿಂದಿರುಗಿಸುವ ದಿನ ಬಂತು. ಆ ಸಾಲಿನಲ್ಲಿ ಯಾವ ಗಾಡಿಯೂ ಹಾಗೇ ಹೋಗುವುದಿಲ್ಲ. ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯಲ್ಲಿ ಬ್ರಷ್ ಅದ್ದಿ ಗಾಡಿಯ ಹೊಟ್ಟೆಗೆಲ್ಲ ಬಳಿದು ಕಳಿಸುತ್ತಾರೆ. ಕೆಸರು ಅಂಟುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಬಗ್ಗಿ ನೋಡಿದ ಯಜಮಾನನಿಗೂ ಖುಷಿ. ಅಪ್ಪ ಅವಳಿಗೆ ಕಲಿಸಿದ ಮೊದಲ ಕೆಲಸವೇ ಅದು.

ಗೆಸಾರೆ ಹಾಡು ಗುನುಗುತ್ತಾ ಬಳಿದಳು. ಒಂದು ಸಲ. ಆಮೇಲೆ, ಅವನ ಕಾರಲ್ಲವೇ ಎಂದು, ಇನ್ನೊಂದು ಸಲ.

ನಾಲ್ಕನೆಯ ದಿನ ಕಿಪ್ರೋನೊ ಬಂದ. ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜ್. ಗೆಸಾರೆಯ ಕೈಯಿಂದ ಸುತ್ತಿಗೆ ಜಾರಿತು.

"ಅಯ್ಯೋ... ಏನಾಯ್ತು?"

"ಮೌ ಸಮಿಟ್ ಏರಲ್ಲಿ ಕಾರಿನ ಅಡಿ ಬೆಂಕಿ ಹತ್ಕೊಳ್ತು. ಅಮ್ಮನ್ನ ಎಳೆದು ಹಾಕಿದೆ. ಅವ್ರಿಗೇನೂ ಆಗಿಲ್ಲ. ಲಾರಿಯೋರು ಮರಳು ಸುರಿದು ಆರಿಸಿದ್ರು." ಅವನು ತಲೆ ಎತ್ತಲಿಲ್ಲ. "ಕ್ಷಮಿಸಿ ಗೆಸಾರೆ. ನಿಮ್ಮ ಕೆಲಸಾನ ಹಾಳು ಮಾಡಿಬಿಟ್ಟೆ."

"ನೀವಾ?"

"ಎಷ್ಟು ಚೆನ್ನಾಗಿ ಓಡ್ತಿತ್ತು ಅಂದ್ರೆ... ಅಮ್ಮನ ಮುಂದೆ ಜಂಬ ಮಾಡೋಕೆ ಅಂತ ಜೋರಾಗಿ ಒತ್ತಿದೆ. 'ಮೆಲ್ಲಗೆ ಹೋಗೋ' ಅಂದ್ರು, ಕೇಳ್ಲಿಲ್ಲ. 'ನಿಮ್ಮಪ್ಪ ಮೂವತ್ತು ವರ್ಷ ಓಡಿಸಿದ್ರು, ಒಂದಿನಾನೂ ಬೆಂಕಿ ಹತ್ಲಿಲ್ಲ' ಅಂದ್ಬಿಟ್ರು. ಆವತ್ತಿಂದ ನನ್ನ ಜೊತೆ ಮಾತಿಲ್ಲ."

ಗೆಸಾರೆಗೆ ಒಂದೇ ಕ್ಷಣದಲ್ಲಿ ಎಲ್ಲವೂ ಹೊಳೆಯಿತು. ಬರೀ ಪೈಪಿನ ಮೇಲೆ ಎಣ್ಣೆ ನಿಲ್ಲುವುದಿಲ್ಲ, ಹೊಗೆಯಾಗಿ ಹೋಗುತ್ತದೆ. ಆದರೆ ಅವಳು ನಾರಿನ ಪಟ್ಟಿ ಸುತ್ತಿದ್ದಳು! ಅದು ಬತ್ತಿಯ ಹಾಗೆ ಎಣ್ಣೆ ಹೀರಿಕೊಂಡಿತ್ತು. ಎರಡು ಸಲ ಬಳಿದ ಎಣ್ಣೆ...

'ಹೇಳು. ಈಗಲೇ ಹೇಳು.'

ಬಾಯಿ ತೆರೆದಳು. ಸಾಲಿನ ಅಷ್ಟೂ ಗಂಡಸರು ಕಿವಿ ಇತ್ತಲೇ ಇಟ್ಟು ಕೂತಿದ್ದರು.

"ಕೈ... ತುಂಬಾ ನೋಯ್ತಾ ಇದೆಯಾ?" ಎಂದಷ್ಟೇ ಕೇಳಿದಳು.

ಅವನು ಎಡಗೈಯಲ್ಲಿ ಚೀಲದಿಂದ ಸೋರೆ ಬುರುಡೆ ತೆಗೆದ. "ಇವತ್ತು ನಾನೇ ಮಾಡಿದ್ದು. ಅಷ್ಟು ಚೆನ್ನಾಗಿಲ್ಲ." ಸುಟ್ಟ ಕೈ ಇಟ್ಟುಕೊಂಡು ಅವಳಿಗೆ ಹಾಲು ತಂದಿದ್ದ! ಗೆಸಾರೆಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು.

ಅವನು ಹೋದ ಮೇಲೆ ಗಿಚುರು ಹತ್ತಿರ ಬಂದ. ಈ ಸಲ ಕೆಮ್ಮಲಿಲ್ಲ.

"ಆ ಪಟ್ಟಿ ಮೇಲೂ ಬಳಿದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಬಾಯಿ ಮುಚ್ಕೊಂಡಿರು ಮಗಳೇ. ಅವನೇ ತಪ್ಪು ಒಪ್ಕೊಂಡಿದ್ದಾನೆ. ಇದು ಹೊರಗೆ ಬಿದ್ರೆ ನಿನ್ನ ಹೆಸರು ಮಣ್ಣುಪಾಲು."

ಅವನು ಕಾಳಜಿಯಿಂದಲೇ ಹೇಳಿದ್ದ. ಅವಳಿಗೆ ಇನ್ನೂ ಹೆಚ್ಚು ಅಸಹ್ಯವಾದದ್ದು ಅದಕ್ಕೇ.

ಎರಡು ವಾರ ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು. ಉಗಾಲಿ ಮುದ್ದೆ ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು. ಎಣ್ಣೆಯ ಡಬ್ಬ ಕಂಡರೆ ಮುಖ ತಿರುಗಿಸುತ್ತಿದ್ದಳು. ಒಂದು ಗುರುವಾರ ಕಿಪ್ರೋನೊ ಮತ್ತೆ ಬಂದು ಹೇಳಿದ, "ಶನಿವಾರ ಕಾರನ್ನ ಗುಜರಿಯೋರು ತಗೊಂಡು ಹೋಗ್ತಾರೆ. ಅದು ಕಣ್ಣೆದುರು ಇರೋ ತನಕ ಅಮ್ಮ ನನ್ನ ಕ್ಷಮಿಸಲ್ಲ. ನನಗೂ ಅದನ್ನ ನೋಡೋಕೆ ಮುಖ ಇಲ್ಲ."

'ಮುಖ ಇಲ್ಲದವಳು ನಾನು ಕಣೋ...'

ಶನಿವಾರ ಬೆಳಿಗ್ಗೆ ಮೊದಲ ಮಟಾಟು ಹತ್ತಿ ಅವಳು ಮೊಲೊಗೆ ಹೋದಳು. ದಾರಿಯಿಡೀ ಕಿಕ್ಕಿರಿದ ವ್ಯಾನಿನಲ್ಲಿ ಒಂದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಅಂಗಳದಲ್ಲಿ ಕಾರು ನಿಂತಿತ್ತು, ಒಂದು ಪಕ್ಕ ಕಪ್ಪಾಗಿ. ತಬುತಾನಿ ಮೊರದಲ್ಲಿ ಜೋಳ ಆರಿಸುತ್ತಿದ್ದರು. ಕಿಪ್ರೋನೊ ಬಾಗಿಲಿಗೆ ಬಂದ.

"ಗೆಸಾರೆ? ಇಲ್ಲಿ?"

ಅವಳು ಕೂರಲಿಲ್ಲ. ಅಂಗಳದ ನಡುವೆ ನಿಂತೇ ಹೇಳಿದಳು.

"ಅಮ್ಮಾ, ನಿಮ್ಮ ಮಗ ಜೋರಾಗಿ ಓಡಿಸಿದ್ದಕ್ಕೆ ಬೆಂಕಿ ಹತ್ಲಿಲ್ಲ. ನಾನು ಪೈಪಿಗೆ ಪಟ್ಟಿ ಸುತ್ತಿ, ಅದರ ಮೇಲೇ ಎಣ್ಣೆ ಬಳಿದೆ. ಹೊತ್ಕೊಂಡಿದ್ದು ಅದು. ನನ್ನ ತಪ್ಪು. ಗೊತ್ತಿದ್ದೂ ಎರಡು ವಾರ ಸುಮ್ನಿದ್ದೆ."

ಮೊರ ನಿಂತಿತು. ತಬುತಾನಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಷ್ಟು ಸಲ ಬಳಿದೆ?"

"ಎರಡು ಸಲ."

"ಎಲ್ಲರೂ ಒಂದು ಸಲ ಬಳೀತಾರೆ. ನೀನ್ಯಾಕೆ ಎರಡು?"

ಇದನ್ನು ಯಾರಾದರೂ ಕೇಳುತ್ತಾರೆಂದು ಗೆಸಾರೆ ಎಣಿಸಿರಲೇ ಇಲ್ಲ. ಕಿವಿ ಬಿಸಿಯಾದವು. ಮುಚ್ಚಿಟ್ಟು ಸಾಕಾಗಿತ್ತು.

"ಅದು... ಇವ್ರ ಕಾರು ಅಂತ."

ಕಿಪ್ರೋನೊ ಬೆಚ್ಚಿದ. ಒಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತ.

"ಎರಡು ವಾರ..." ಎಂದ. "ನಾನು ನಿಮ್ಮೆದುರು ಕೂತು ನನ್ನನ್ನೇ ಬೈಕೊಳ್ತಿದ್ದೆ. ನೀವು ನೋಡ್ತಾ ಇದ್ರಿ! ಕೈ ಸುಟ್ಟಿದ್ದು ಬಿಡಿ ಗೆಸಾರೆ. ಇದು..."

ಮಾತು ಮುಗಿಸದೆ ಮನೆಯ ಹಿಂದಕ್ಕೆ ಹೋಗಿಬಿಟ್ಟ. ತಬುತಾನಿ ಮತ್ತೆ ಮೊರ ಎತ್ತಿಕೊಂಡರು. ಮನೆಗೆ ಬಂದವರಿಗೆ ಹಾಲು ಕೊಡದೆ ಕಳಿಸದ ಊರಲ್ಲಿ, ಗೆಸಾರೆ ಬಾಯಿ ಒಣಗಿಸಿಕೊಂಡು ರಸ್ತೆಗೆ ನಡೆದಳು. ತನಗೆ ತಕ್ಕದ್ದೇ ಆಯಿತು ಎಂದುಕೊಂಡಳು, ಆದರೂ ಕಣ್ಣೀರು ನಿಲ್ಲಲಿಲ್ಲ.

ಸೋಮವಾರ ಅವಳ ಅಂಗಡಿಯ ಮುಂದೆ ಒಂದು ತಗಡಿನ ಹಲಗೆ ನಿಂತಿತು. ದಪ್ಪ ಬಿಳಿ ಅಕ್ಷರ:

'ಪಟ್ಟಿ ಸುತ್ತಿದ ಪೈಪಿಗೆ ಎಣ್ಣೆ ಬಳಿಯಬೇಡಿ. ನಾನು ಬಳಿದೆ. ಕಾರು ಹೊತ್ತಿಕೊಂಡಿತು. - ಫುಂಡಿ ಗೆಸಾರೆ.'

"ತಲೆ ಕೆಟ್ಟಿದ್ಯಾ ನಿನಗೆ?" ಗಿಚುರು ಕೂಗಿದ. "ಯಾರಾದ್ರೂ ತಮ್ಮ ತಪ್ಪನ್ನ ಬೋರ್ಡ್ ಮೇಲೆ ಬರೆಸ್ತಾರಾ?"

"ನಾಳೆ ನೀನೂ ಆ ಪಟ್ಟಿ ಸುತ್ತುತ್ತೀಯ ಗಿಚುರು. ಆಮೇಲೆ ಅಭ್ಯಾಸಕ್ಕೆ ಬ್ರಷ್ ಎತ್ಕೋತೀಯ."

ಗಿಚುರು ಗೊಣಗಿಕೊಂಡು ಹೋದ. ಗಿರಾಕಿಗಳು ಹಲಗೆ ಓದಿ, ಮುಂದಿನ ಅಂಗಡಿಗೆ ನಡೆದರು. ಕೆಲವರು ನಕ್ಕರು. 'ಬೆಂಕಿ ಫುಂಡಿ' ಎಂಬ ಅಡ್ಡಹೆಸರೂ ಬಿತ್ತು. ಗೆಸಾರೆ ಹಲಗೆ ತೆಗೆಯಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಒಂದು ಪಿಕಪ್ ಬಂದು ನಿಂತಿತು. ಹಿಂದೆ ಹಗ್ಗ ಕಟ್ಟಿ ಎಳೆದು ತಂದ ಕಿತ್ತಳೆ ಕಾರು! ಗುಜರಿಗೆ ಹೋಗಿರಲಿಲ್ಲ. ಅದರ ಸ್ಟಿಯರಿಂಗ್ ಹಿಂದೆ ಕಿಪ್ರೋನೊ, ಎಡಗಡೆ ಸೀಟಿನಲ್ಲಿ ನೆಟ್ಟಗೆ ಕೂತ ತಬುತಾನಿ.

ಮುದುಕಿ ಇಳಿದು, ಹಲಗೆಯನ್ನು ನಿಧಾನವಾಗಿ ಓದಿದರು. ಆಮೇಲೆ ಬಲಗಾಲಿನ ಶೂ ಬಿಚ್ಚಿ ಮೇಜಿನ ಮೇಲೆ ಇಟ್ಟರು.

"ಬೆಂಕಿ ಹತ್ತಿದ ದಿನ ಈ ಹೊಸ ಶೂನೇ ಹಾಕ್ಕೊಂಡಿದ್ದೆ. ಶೂ ಜೊತೆ ಮಾತಾಡ್ತೀಯಂತಲ್ಲ, ಏನ್ ಹೇಳುತ್ತೆ ನೋಡು."

ಗೆಸಾರೆ ಅದನ್ನು ತಿರುಗಿಸಿದಳು. ಅಡಿ ನುಣ್ಣಗಿತ್ತು. ಒಂದು ಕಲೆಯೂ ಇಲ್ಲ!

"ಕೆಳಗೆ ಬೆಂಕಿ, ಮೇಲೆ ನನ್ನ ಕಾಲು. ನಡುವೆ ಇದ್ದಿದ್ದು ನಿನ್ನ ತಗಡು. ಹೊತ್ತಿಸಿದೋಳೂ ನೀನೇ, ಉಳಿಸಿದೋಳೂ ನೀನೇ. ನನಗೆ ನಿನ್ನ ಮೇಲೆ ಸಿಟ್ಟು ಇದೆ, ಇಲ್ಲ ಅನ್ನಲ್ಲ. ಅಷ್ಟು ದಿನ ಮಗನ್ನ ಮಾತಾಡಿಸದೆ ಇದ್ದೆನಲ್ಲ, ಆ ನಾಚಿಕೆ ನನಗೂ ಇದೆ." ಸೋರೆ ಬುರುಡೆಯನ್ನು ಮುಂದೆ ಚಾಚಿದರು. "ತಗೋ, ಕುಡಿ. ಆವತ್ತು ಕೊಡದೆ ಕಳಿಸಿದೆ."

ಗೆಸಾರೆ ಕುಡಿದಳು. ಈ ಸಲ ಮುಖ ಮುಚ್ಚಿಕೊಳ್ಳಲಾಗಲಿಲ್ಲ. ಕಣ್ಣೀರೂ ಹಾಲೂ ಒಟ್ಟಿಗೇ ಇಳಿದವು. ತಬುತಾನಿ ಗಿಚುರುವನ್ನು ಗದರಿಸಿ ಅವನ ಸ್ಟೂಲನ್ನೇ ಎಳೆದುಕೊಂಡು ದೂರ ಹೋಗಿ ಕೂತರು.

ಕಿಪ್ರೋನೊ ಹತ್ತಿರ ಬಂದ. ಬ್ಯಾಂಡೇಜ್ ಹೋಗಿತ್ತು, ಅಂಗೈಯ ಚರ್ಮ ಇನ್ನೂ ಎಳೆಯದು. ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕ್ಷಮಿಸಿ ಅನ್ನೋಕೂ ನಾಚಿಕೆ ಆಗುತ್ತೆ..."

"ಅನ್ನಬೇಡ. ಬೋರ್ಡ್ ಓದಿದೆ." ಮೊದಲ ಸಲ ಏಕವಚನ! "ತುಂಬಾ ನೋವಾಗಿತ್ತು ಗೆಸಾರೆ. ಆದ್ರೆ ನೀನು ಅಮ್ಮನ ಮುಂದೆ ಹೇಳಿದ್ಯಲ್ಲ ಒಂದು ಮಾತು, ಅದನ್ನ ಮರೆಯೋಕೆ ಆಗ್ಲೇ ಇಲ್ಲ. ಕಾರನ್ನ ಮತ್ತೆ ಸರಿ ಮಾಡ್ತೀಯಾ?"

"ಮಾಡ್ತೀನಿ. ಆದ್ರೆ ಎಣ್ಣೆ ಒಂದು ಹನೀನೂ ಮುಟ್ಟಿಸಲ್ಲ."

"ಹಾಗಾದ್ರೆ ಇದು ನನ್ನ ಕಾರು ಅಂತ ಹೇಗೆ ತೋರಿಸ್ತೀಯ?"

ಅವಳು ತಲೆ ಎತ್ತಿ ಅವನ ಕಣ್ಣನ್ನೇ ನೋಡಿದಳು.

"ತೋರಿಸಲ್ಲ ಕಿಪ್ರೋನೊ. ಇನ್ಮೇಲೆ ಬಾಯಿ ಬಿಟ್ಟು ಹೇಳ್ತೀನಿ."

"ಹೇಳು ಮತ್ತೆ."

ಸಾಲಿನ ಅಷ್ಟೂ ಗಂಡಸರು ಕಿವಿ ಇತ್ತಲೇ ಇಟ್ಟು ಕೂತಿದ್ದರು. ಅವಳು ಅವರೆಲ್ಲರಿಗೂ ಕೇಳುವಂತೆ ಹೇಳಿದಳು.