ಸೂರ್ಯ ಮುಳುಗಿದ ಮೇಲಿನ ಆಕಾಶ

“ಪ್ಲೀಸ್ ಸ್ವಿಚ್ ಆಫ್ ಯುವರ್ ರೇಡಾರ್, ಮೇಡಂ!”

ಅಬುಧಾಬಿಯ ಹೊರಗಿನ ಮರಳುಗಾಡು. ಆಂಟೆನಾ ಸಾಲಿನ ಪಕ್ಕದ ಕ್ಯಾಬಿನ್ ಬಾಗಿಲಲ್ಲಿ ನಿಂತು ರೇಗುತ್ತಿದ್ದವನ ಇಂಗ್ಲಿಷ್ ಕೇಳಿಯೇ ಒಳಗೆ ರೇಡಾರ್ ನೋಡಿಕೊಳ್ಳುತ್ತಿದ್ದ ನಾಫಿಯಾಗೆ ನಗು ಬಂತು.

“ಊರು ಮಂಗಳೂರಾ?”

ಅವನ ಸಿಟ್ಟು ಅರ್ಧಕ್ಕೇ ನಿಂತಿತು. “ಹೌದು, ಉಳ್ಳಾಲ. ಹೆಸರು ಅರ್ಶದ್. ಆಚೆ ರೋಡಿನ ಸರ್ವೆ ನಂದೇ. ಸಂಜೆಯಾದ್ರೆ ಸಾಕು, ನನ್ನ ಜಿಪಿಎಸ್‌ಗೆ ಹುಚ್ಚು ಹಿಡೀತದೆ.”

“ರೇಡಾರ್ ಆಫ್ ಮಾಡಿದ್ರೂ ಅದು ಸರಿಯಾಗುದಿಲ್ಲ ಮಾರಾಯ್ರೆ. ತೊಂದರೆ ಕೊಡುದು ನಾನಲ್ಲ, ಆಕಾಶ.”

ಅವಳು ಸ್ಕ್ರೀನ್ ತೋರಿಸಿದಳು. ಸೂರ್ಯ ಮುಳುಗಿದ ಮೇಲೆ ಭೂಮಧ್ಯರೇಖೆಯ ಮೇಲೆ, ಬಲು ಎತ್ತರದಲ್ಲಿರುವ ವಿದ್ಯುತ್ ಕಣಗಳ ಪದರದಲ್ಲಿ ಗುಳ್ಳೆಗಳೇಳುತ್ತವೆ. ಕೆಲವು ಇಲ್ಲಿಯವರೆಗೂ ಚಾಚಿಕೊಳ್ಳುತ್ತವೆ. ಅವುಗಳೊಳಗೆ ಹಾದುಬಂದ ಉಪಗ್ರಹದ ಸಿಗ್ನಲ್ ಚದುರಿಹೋಗುತ್ತದೆ. ರೇಡಾರ್ ಅವನ್ನು ನೋಡುತ್ತದೆ, ಅಷ್ಟೆ.

ಅರ್ಶದ್ ಸ್ಕ್ರೀನ್ ನೋಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

ಆಮೇಲೆ ಸಂಜೆಗಳಲ್ಲಿ ಬರತೊಡಗಿದ. “ಇವತ್ತು ಗುಳ್ಳೆ ಉಂಟಾ?”

“ಮೆಸೇಜ್ ಮಾಡಿದ್ರೆ ಸಾಕಿತ್ತಲ್ಲ?”

“ಮೆಸೇಜಲ್ಲಿ ಕರಕ್ ಚಾಯ್ ತರ್ಲಿಕ್ಕೆ ಆಗ್ತದಾ?”

ಚಹಾ ಆರುವಷ್ಟು ಹೊತ್ತು ಮಾತಾಡುತ್ತಿದ್ದರು. ತಲಾಖ್ ಆದದ್ದನ್ನು ಅವನೇ ಹೇಳಿದ. ಮಗಳು ಶಿಫಾನಾ ತಾಯಿಯ ಜೊತೆ ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಭಾನುವಾರ ಮಾತ್ರ ಅದೇ ಊರಿನ ಡಿಸ್ಕವರಿ ಗಾರ್ಡನ್ಸ್‌ನ ಅವನ ಫ್ಲಾಟಿಗೆ ಬರುತ್ತಾಳೆ. “ಆ ಒಂದು ದಿನಕ್ಕಾಗಿ ಉಳಿದ ದಿನ ದೂಡುದು,” ಎಂದಿದ್ದ. ನಾಫಿಯಾ ಅವನ ಕಪ್ಪಿಗೆ ತನ್ನ ಚಹಾವನ್ನೂ ಸುರಿದಿದ್ದಳು.

ಚಳಿಗಾಲ ಮುಗಿಯುವಾಗ ಆದೇಶ ಬಂತು. ಗುಳ್ಳೆಗಳು ಹುಟ್ಟುವಲ್ಲೇ ಅವನ್ನು ನೋಡಬೇಕೆಂದು ರೇಡಾರ್ ಕೀನ್ಯಾಕ್ಕೆ ಹೋಗುವುದಿತ್ತು. ಜೊತೆಗೆ ಅವಳೂ. ವರ್ಷಗಳಿಂದ ಅವಳು ಬೇಡಿದ ಕೆಲಸ ಅದು.

ಸುದ್ದಿ ಕೇಳಿ ಅರ್ಶದ್ ಅಂದದ್ದು ಒಂದೇ ಮಾತು: “ಒಳ್ಳೇದಾಯ್ತು.”

ಮರುದಿನದಿಂದ ಅವನು ಬರಲಿಲ್ಲ. ದೂರದಲ್ಲಿ ಯಾವ ಕಾರಿನ ಬೆಳಕು ಕಂಡರೂ ನಾಫಿಯಾಳ ಕೈ ಕೀಬೋರ್ಡಿನ ಮೇಲೆ ನಿಂತುಬಿಡುತ್ತಿತ್ತು.

ಆಂಟೆನಾಗಳನ್ನು ಬಿಚ್ಚಿ ಲಾರಿಗೆ ಏರಿಸಿದ ದಿನ ಬಂದ. ಮುಖ ಬಾಡಿತ್ತು.

“ಹೋಗ್ಬೇಡ ಅಂತ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?” ನಾಫಿಯಾ ಕೇಳಿದಳು.

“ಮಗಳನ್ನು ಬಿಟ್ಟು ನನಗೆ ಕೀನ್ಯಾಕ್ಕೆ ಬರ್ಲಿಕ್ಕೆ ಆಗುದಿಲ್ಲ. ನಾನೇ ಬರದವ, ನಿಮ್ಮನ್ನು ನಿಲ್ಲಿ ಅಂತ ಯಾವ ಬಾಯಲ್ಲಿ ಹೇಳ್ಲಿ?” ಅವನು ತಲೆಯೆತ್ತಿದ. “ಹೇಳಿದ್ರೆ ನಿಲ್ತಿದ್ರಾ?”

ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. “ಇಲ್ಲ. ಆದ್ರೂ ನನಗದು ಕೇಳ್ಬೇಕಿತ್ತು.”

ಗಾಳಿ ಮರಳನ್ನು ಕಾಲಿಗೆರಚುತ್ತಿತ್ತು. ಅವನು ಒಂದು ಹೆಜ್ಜೆ ಹತ್ತಿರ ಬಂದ.

“ಹೋಗ್ಬೇಡಿ, ನಾಫಿಯಾ.”

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದು ನಿಂತಳು. “ಯಲ್ಲಾ!” ಎಂದು ಡ್ರೈವರ್ ಹೊರಡಲು ಅವಸರಿಸಿ ಕೂಗಿದ. ಅವಳು ಹಿಡಿದ ಕೈ ಬಿಟ್ಟು ಲಾರಿ ಹತ್ತಿದಳು.

ಡಾಮರು ರಸ್ತೆ ಸೇರುವವರೆಗೂ ಅವಳು ಸೈಡ್ ಮಿರರ್‌ನಿಂದ ಕಣ್ಣು ಕೀಳಲಿಲ್ಲ. ಎದ್ದ ಧೂಳು ಇಳಿದ ಮೇಲೂ ಅವನು ಅಲ್ಲೇ ನಿಂತಿದ್ದ.