ನಲವತ್ತು ನಿಮಿಷದ ನಕಲು

“ಚಪ್ಪಲಿ ಬಿಚ್ಚಿ. ಗಾಜಿನ ಮೇಲೆ ನಿಂತ್ಕೊಳ್ಳಿ,” ಎಂದಳು ಆಕೆ, ತಲೆಯೆತ್ತದೆ.

ನಾನು ಹೋಗಿದ್ದುದು ಅವಳ ಪ್ರಿಂಟರ್ ಸರಿಮಾಡಲು. ಆದರೆ ಆ ದನಿಯೊಳಗೆ ವಾದಕ್ಕೆ ಎಡೆಯಿರಲಿಲ್ಲ. ಹೆಗಲ ಚೀಲವನ್ನೂ ಇಳಿಸದೆ, ನೆಲದ ಮೇಲಿದ್ದ ದಪ್ಪ ಗಾಜಿನ ಪೆಟ್ಟಿಗೆಯ ಮೇಲೆ ಬರಿಗಾಲಲ್ಲಿ ನಿಂತೆ. ಕೆಳಗಿನಿಂದ ಬೆಳಕಿನ ಗೆರೆಯೊಂದು ಅಂಗಾಲನ್ನು ಸವರಿಕೊಂಡು ಹೋಯಿತು. ಕಂಪ್ಯೂಟರಿನ ಪರದೆಯ ಮೇಲೆ ನನ್ನ ಎರಡು ಪಾದಗಳು ಮೂಡಿದವು: ಭಾರ ಬೀಳದ ಕಡೆ ನೀಲಿ, ಬೀಳುವಲ್ಲಿ ಹಳದಿ, ಮಿತಿಮೀರಿ ಬೀಳುವಲ್ಲಿ ಕೆಂಪು.

“ಎಡಗಡೆಗೇ ವಾಲ್ತೀರಲ್ಲ. ಒಂದೇ ಹೆಗಲಿಗೆ ಭಾರ ಹಾಕ್ತೀರಾ?”

“ಹೂಂ. ಬ್ಯಾಗು.”

“ಅಂಥದ್ದೇನಿದೆ ಅದರಲ್ಲಿ?”

“ನಿಮ್ಮ ಪ್ರಿಂಟರ್ ಬಿಚ್ಚೋ ಸಾಮಾನು.”

ಆಗ ತಲೆಯೆತ್ತಿದಳು. ಕ್ಷಮೆ ಕೇಳಲಿಲ್ಲ, ಒಂದು ಹುಬ್ಬು ಮಾತ್ರ ಮೆಲ್ಲಗೆ ಮೇಲೇರಿ, ಅಲ್ಲೇ ನಿಂತಿತು. ಮೂಲೆಯಲ್ಲಿ ಚರ್ಮದ ಪಟ್ಟಿ ಹೊಲಿಯುತ್ತಿದ್ದ ಅವಳ ಚಿಕ್ಕಮ್ಮ ಬಾಯಿಂದ ದಾರ ತೆಗೆದು ನಕ್ಕರು. “ಬಂದವರ ಮುಖ ನೋಡೋ ಅಭ್ಯಾಸವೇ ಇಲ್ಲ ಇವಳಿಗೆ. ಮೊದಲು ಕಾಲು. ಅದು ಒಪ್ಪಿಗೆಯಾದರೆ ಆಮೇಲೆ ಮನುಷ್ಯ.”

ಆಕೆಯ ಅಂಗಡಿಗೆ ಬರುತ್ತಿದ್ದವರು ಬೇರೆಲ್ಲೂ ಪಾದರಕ್ಷೆ ಸಿಗದವರು. ಒಂದು ಕಾಲು ಗಿಡ್ಡವಾದವರು, ಪಾದ ತಿರುಚಿಕೊಂಡವರು, ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದವರು. ಆರು ತಿಂಗಳಿಗೊಮ್ಮೆ ಪಾದದ ಚಿತ್ರ ತೆಗೆದು, ಅಳತೆಗೆ ಸರಿಯಾಗಿ ಪ್ರಿಂಟ್ ಮಾಡಿ, ಕೆಂಪಿದ್ದಲ್ಲಿ ಒಳ ಅಟ್ಟೆಯನ್ನು ಕೆತ್ತಿ ಮೆತ್ತೆ ಕೂರಿಸುತ್ತಿದ್ದಳು. ಮರಗಟ್ಟಿದ ಪಾದಕ್ಕೆ ನೋವು ತಿಳಿಯುವುದಿಲ್ಲ. ಹುಣ್ಣಾದರೂ ದೇಹಕ್ಕೆ ಸುದ್ದಿ ಮುಟ್ಟುವುದಿಲ್ಲ. ಆ ಸುದ್ದಿಯನ್ನು ಮುಂಚಿತವಾಗಿ ತರುವುದು ಆ ಕೆಂಪು ಒಂದೇ.

ನಾನು ಆ ಬೀದಿಯ ‘ಕಂಪ್ಯೂಟರ್ ಮೇಷ್ಟ್ರು’. ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಪಾಸ್‌ವರ್ಡನ್ನು ಪರದೆಯ ಅಂಚಿಗೇ ಅಂಟಿಸಿಟ್ಟ ಔಷಧದಂಗಡಿಯವನನ್ನು ಗದರಿದ್ದೆ. ಬಹುಮಾನ ಬಂದಿದೆಯೆಂಬ ಮೆಸೇಜನ್ನು ಒತ್ತಲು ಹೊರಟ ಹೂವಿನಂಗಡಿಯಾಕೆಯ ಬೆರಳನ್ನು ಗಾಳಿಯಲ್ಲೇ ತಡೆದಿದ್ದೆ. ಓದದೆ ಏನನ್ನೂ ಒತ್ತಬೇಡಿ ಎಂಬುದು ನಾನು ಅಂಗಡಿಯಿಂದಂಗಡಿಗೆ ಹೊತ್ತು ತಿರುಗಿದ ಮಾತು. ನನಗಾಗ ನಲವತ್ತೆಂಟು. ಮನೆಯಲ್ಲಿ ಅಕ್ಕ, ಭಾವ, ಅವರಿಬ್ಬರ ಟಿವಿ.

ಪ್ರಿಂಟರ್ ಮತ್ತೆ ಕಾಗದ ಉಗುಳತೊಡಗಿದ ಮೇಲೆ ಕೇಳಿದೆ, “ಇಷ್ಟು ಜನರ ಕಾಲೂ ಇದೊಂದೇ ಕಂಪ್ಯೂಟರಲ್ಲಿ ಇದೆಯಾ?”

“ಮತ್ತಿನ್ನೆಲ್ಲಿರಬೇಕಿತ್ತು?”

“ಯಂತ್ರ ಸಾಯುತ್ತೆ ರೀ. ಹೇಳದೆ ಕೇಳದೆ ಸಾಯುತ್ತೆ. ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ನಕಲು ತೆಗೆದು, ಅದನ್ನ ಅಂಗಡಿಯಿಂದ ಆಚೆ ಇಡಬೇಕು.”

“ಅಯ್ಯೋ, ಅದು ನನ್ನ ಕೈಲಾಗೋ ಕೆಲಸವಾ?”

ಹತ್ತು ನಿಮಿಷದಲ್ಲಿ ಕಲಿಸಬಹುದಾಗಿತ್ತು. “ಶನಿವಾರ ನಾನೇ ಬರ್ತೀನಿ,” ಎಂದುಬಿಟ್ಟೆ.

ಮೊದಲ ಶನಿವಾರ ಡಿಸ್ಕನ್ನು ಕಂಪ್ಯೂಟರಿನ ಮುಂಭಾಗದ ಹೊಸ ಪೋರ್ಟಿಗೆ ಚುಚ್ಚಿದೆ. ನಾಲ್ಕು ನಿಮಿಷಕ್ಕೆ ನಕಲು ಮುಗಿಯಿತು. ಆಕೆ ತಂದಿಟ್ಟ ಟೀ ಇನ್ನೂ ಹಬೆಯಾಡುತ್ತಿತ್ತು. ಕೂತಿರಲು ನನಗೆ ಯಾವ ಕಾರಣವೂ ಉಳಿದಿರಲಿಲ್ಲ.

ಎರಡನೆಯ ಶನಿವಾರ ಕಂಪ್ಯೂಟರಿನ ಹಿಂಬದಿಗೆ ಬಗ್ಗಿದೆ. ಅಲ್ಲೊಂದು ಹಳೆಯ, ಬಾಯಿ ಸಡಿಲಾದ ಪೋರ್ಟಿತ್ತು. ಅದರೊಳಗೆ ಎಲ್ಲವೂ ಹನಿಹನಿಯಾಗಿ ಇಳಿಯುತ್ತದೆಂದು ನನಗೆ ಗೊತ್ತಿತ್ತು. ನಲವತ್ತು ನಿಮಿಷ.

ಹಾಗೆ ನಾನು ಒಂದು ವರ್ಷ, ವಾರಕ್ಕೆ ನಲವತ್ತು ನಿಮಿಷದಂತೆ, ಬದುಕಿದೆ.

ಅವಳ ಬೆರಳುಗಳಿಗೆ ಸದಾ ಅಂಟಿನ ವಾಸನೆ. ಕಿವಿಯ ಹಿಂದೆ ಸೀಮೆಸುಣ್ಣ. ಪಟ್ಟಿಗೆ ಹೊಡೆದ ತೂತು ಸರಿಯಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ಅವಳ ಪದ್ಧತಿ. ಶನಿವಾರಗಳಂದು ಆ ತೂತಿನಾಚೆ ನಾನಿರುತ್ತಿದ್ದೆ. ಅಷ್ಟು ಪುಟ್ಟ ಕಿಟಕಿಯಲ್ಲಿ ಒಂದು ಕಣ್ಣು ಬಂದು, ನಿಂತು, ಹೋಗುವುದನ್ನು ಕಾಯುತ್ತ ನಾನು ಪರದೆಯನ್ನು ನೋಡುವುದನ್ನೇ ಮರೆಯುತ್ತಿದ್ದೆ.

“ಯಾಕೆ ಮೇಷ್ಟ್ರೇ, ಇಷ್ಟು ನಿಧಾನ?”

“ಪಾದಗಳು ಜಾಸ್ತಿಯಾಗಿವೆ.”

“ಒಬ್ಬೊಬ್ಬರಿಗೆ ಎರಡೇ ಅಲ್ವಾ ಇರೋದು?”

“ಇವಳಿಗೆ ಲೆಕ್ಕ ಬರುತ್ತೆ,” ಎಂದರು ಚಿಕ್ಕಮ್ಮ ಮೂಲೆಯಿಂದ. “ಗಂಡನ ಮನೆ ಬಿಟ್ಟು ಬಂದು ಹದಿನಾಲ್ಕು ವರ್ಷ ಆಯ್ತು ಅನ್ನೋದು ಮಾತ್ರ ಮರೆತಿದ್ದಾಳೆ.”

“ಚಿಕ್ಕಮ್ಮಾ, ಸೂಜಿ ಕೈಗೆ ಚುಚ್ಚೀತು, ಹೊಲಿಗೆ ಕಡೆ ನೋಡು.”

ಎದುರಿಗೆ ಕಟಿಂಗ್ ಅಂಗಡಿ. ಸುತ್ತ ಕನ್ನಡಿಯಿದ್ದುದರಿಂದ ಅದರ ಯಜಮಾನನನ್ನು ಬೀದಿಯವರೆಲ್ಲ ಕನ್ನಡಿಯಣ್ಣ ಎನ್ನುತ್ತಿದ್ದರು. ಗಂಡನ ಮನೆಯಿಂದ ಆಕೆ ಒಂದು ಟ್ರಂಕಿನೊಂದಿಗೆ ಬಂದಿಳಿದ ದಿನ ಆ ಟ್ರಂಕನ್ನು ಹೊತ್ತವನು, ಈ ಅಂಗಡಿ ಕೊಡಿಸಿದವನು ಅವನೇ; ಅವಳಿಗೆ ಒಡಹುಟ್ಟಿದ ಅಣ್ಣನಂತಿದ್ದ. ದಿನವಿಡೀ ನಿಂತೇ ಮಾಡುವ ಕೆಲಸ, ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಅವನ ಪಾದಗಳನ್ನು ಆಕೆ ತನ್ನವೆಂಬಂತೆ ಕಾಯುತ್ತಿದ್ದಳು.

“ನನ್ನ ಮೂರನೇ ಕನ್ನಡೀಲಿ ನೀವಿಬ್ಬರೂ ಪೂರ್ತಿ ಕಾಣ್ತೀರಿ ಮೇಷ್ಟ್ರೇ,” ಎಂದು ಆತ ಬೀದಿಯ ಆಚೆಯಿಂದ ಕೂಗುತ್ತಿದ್ದ. “ಗಿರಾಕಿಗಳು ಕುತ್ತಿಗೆ ತಿರುಗಿಸಿ ನೋಡ್ತಾರೆ, ಕಿವಿ ಹೋಗುತ್ತೆ. ಬೇಗ ಒಂದು ತೀರ್ಮಾನಕ್ಕೆ ಬನ್ನಿ!”

ತೀರ್ಮಾನಕ್ಕೆ ನಾನು ಬರಲಿಲ್ಲ. ನಲವತ್ತು ನಿಮಿಷ ಸಾಕೆನ್ನಿಸುವಷ್ಟು ಹೇಡಿಯಾಗಿದ್ದೆ.

ಒಂದು ಸೋಮವಾರ ಅವಳ ಕಂಪ್ಯೂಟರಿನ ಡಿಸ್ಕ್ ಸತ್ತಿತು. ನಾನು ಹೊಸದನ್ನು ಕೂರಿಸಿ, ಶನಿವಾರಗಳ ನಕಲನ್ನು ತೆರೆದೆ. ಕೊನೆಯ ಸರಿಯಾದ ನಕಲು ಏಳು ವಾರ ಹಿಂದಿನದು. ಸಡಿಲ ಪೋರ್ಟು ಏಳು ಶನಿವಾರವೂ ನಡುವೆ ಕೈಕೊಟ್ಟಿತ್ತು. ನಕಲು ಪೂರ್ತಿಯಾಗಿಲ್ಲವೆಂದು ಪರದೆಯ ಮೇಲೆ ಬರಹ ಬಂದೇ ಇರಬೇಕು. ಅದನ್ನು ಏಳು ಸಲವೂ ಓದದೆ ಒತ್ತಿ ಮುಚ್ಚಿದ್ದೆ, ನಾನು.

ಆಕೆ ಬಾಗಿಲಲ್ಲಿ ನಿಂತಿದ್ದಳು. ಕೈಗಳೆರಡನ್ನೂ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

“ಎಲ್ಲಾ ಇದೆಯಾ ಮೇಷ್ಟ್ರೇ? ಹೋದ ತಿಂಗಳು ತೆಗೆದದ್ದೂ?”

ಇಲ್ಲವೆಂದರೆ ಹಿಂಬದಿಯ ಪೋರ್ಟಿನ ಕಥೆಯನ್ನು ಹೇಳಬೇಕಾಗುತ್ತಿತ್ತು. ಕಥೆ ಹೇಳಿದರೆ ಶನಿವಾರ ಹೋಗುತ್ತಿತ್ತು.

“ಎಲ್ಲಾ ಇದೆ,” ಎಂದೆ.

ಮರಳಿ ತುಂಬಿಸಿದ ಫೈಲುಗಳ ಮೇಲೆಲ್ಲ ಆ ದಿನದ್ದೇ ತಾರೀಖು ಬಿದ್ದಿತ್ತು. ಹಳೆಯದು ಯಾವುದು, ಹೊಸದು ಯಾವುದು ಎಂದು ಅವಳಿಗೆ ತಿಳಿಯುವಂತಿರಲಿಲ್ಲ. ಎರಡು ಹೊಸ ಹೆಸರುಗಳು ಸಿಗುತ್ತಿಲ್ಲವೆಂದು ಫೋನ್ ಮಾಡಿದಳು. “ಒಂದೆರಡು ಕೆಟ್ಟಿರಬಹುದು, ಮತ್ತೆ ತೆಗೀರಿ,” ಎಂದೆ. ಮೊದಲ ಸುಳ್ಳಿಗಿಂತ ಇದು ಸುಲಭವಾಗಿ ಬಂತು.

ಮೂರು ವಾರದ ಮೇಲೆ ಕನ್ನಡಿಯಣ್ಣ ಹೊಸ ಜೊತೆ ಪಾದರಕ್ಷೆ ಮಾಡಿಸಿದ. ಪಟ್ಟಿಯಲ್ಲಿ ಅವನ ಹೆಸರಿತ್ತು, ಚಿತ್ರವಿತ್ತು. ಅದನ್ನೇ ಪ್ರಿಂಟ್ ಮಾಡಿ ಅಟ್ಟೆ ಕೆತ್ತಿದಳು. ಅದು ಅವನ ಹಳೆಯ ಪಾದ. ಹೊಸದಾಗಿ ತೆಗೆದಿದ್ದ ಚಿತ್ರ, ಸತ್ತ ಡಿಸ್ಕಿನೊಂದಿಗೇ ಹೋಗಿತ್ತು.

ಐದು ವಾರ ಆತ ಆ ಜೊತೆ ಮೆಟ್ಟಿ ನಿಂತ. ನೋವಾಗಲಿಲ್ಲ, ಅವನ ಪಾದಕ್ಕೆ ನೋವಾಗುತ್ತಲೇ ಇರಲಿಲ್ಲ. ಒಂದು ಸಂಜೆ ಅವನ ಹೆಂಡತಿ ಕಾಲುಚೀಲ ಎಳೆದಾಗ ಅದು ಚರ್ಮಕ್ಕೆ ಅಂಟಿಕೊಂಡಿತ್ತು. ವಾರದೊಳಗೆ ಆಸ್ಪತ್ರೆಯಲ್ಲಿ ಬಲಗಾಲಿನ ಹೆಬ್ಬೆರಳನ್ನೂ ಅದರ ಪಕ್ಕದ ಬೆರಳನ್ನೂ ತೆಗೆದರು.

ಶನಿವಾರ ನಾನು ಹೋದಾಗ ಅರ್ಧ ಬಾಗಿಲು ಎಳೆದಿತ್ತು. ಆಕೆ ನೆಲದ ಮೇಲೆ ಕೂತು, ಅಣ್ಣನ ಪಾದದ ಪ್ರಿಂಟನ್ನು ಮುಂದೆ ಹರವಿಕೊಂಡಿದ್ದಳು.

“ಬನ್ನಿ, ನೋಡಿ ಇಲ್ಲಿ,” ಎಂದಳು. ಕಣ್ಣುಗಳು ಬಾತಿದ್ದವು. “ಹೆಬ್ಬೆರಳ ಬುಡದಲ್ಲಿ ಕೆಂಪು ನೋಡಿದ ನೆನಪು ನನಗೆ. ಅವತ್ತೇ ಅಣ್ಣನಿಗೆ ಹೇಳಿದ್ದೆ, ಇಲ್ಲಿ ಹುಷಾರು ಅಂತ. ಚಿತ್ರದಲ್ಲಿ ನೋಡಿದ್ರೆ ಏನೂ ಇಲ್ಲ. ನನ್ನ ನೆನಪೇ ಸುಳ್ಳು ಅಂದ್ಕೊಂಡು ಅಟ್ಟೆ ಕೆತ್ತಿದೆ. ನನಗೆ ತಲೆ ಕೆಟ್ಟಿದೆಯಾ ಮೇಷ್ಟ್ರೇ?”

ನಾನು ಚೀಲವನ್ನು ನೆಲಕ್ಕಿಳಿಸಿದೆ.

“ಅಂಗಡಿ ಮುಚ್ಚಿಬಿಡ್ತೀನಿ. ಇನ್ನು ಯಾರ ಕಾಲನ್ನೂ ಮುಟ್ಟೋ ಧೈರ್ಯ ನನಗಿಲ್ಲ.”

ಸುಮ್ಮನಿದ್ದಿದ್ದರೆ ಅವಳು ನನ್ನ ಹೆಗಲಿಗೆ ಒರಗುತ್ತಿದ್ದಳೇನೋ. ಆ ಯೋಚನೆ ಬಂತು. ಬಂದದ್ದಕ್ಕೆ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

“ನಿಮ್ಮ ನೆನಪು ಸರಿ,” ಎಂದೆ. “ಇದು ಹಳೇ ಚಿತ್ರ. ಹೊಸದು ಹೋಯ್ತು. ಏಳು ವಾರದ್ದು ಪೂರ್ತಿ ಹೋಗಿತ್ತು. ನನಗೆ ಅವತ್ತೇ ಗೊತ್ತಿತ್ತು.”

ಚಿಕ್ಕಮ್ಮನ ಸೂಜಿ ನಿಂತಿತು.

ಪೋರ್ಟಿನ ವಿಷಯವನ್ನೂ ಹೇಳಿದೆ. ನಾಲ್ಕು ನಿಮಿಷದ ಕೆಲಸವನ್ನು ನಲವತ್ತು ಮಾಡಿದ್ದು, ಯಾಕೆ ಮಾಡಿದ್ದು. ಪ್ರೀತಿಯನ್ನು ಯಾರೂ ಅಷ್ಟು ಕೆಟ್ಟ ಹೊತ್ತಿನಲ್ಲಿ, ಅಷ್ಟು ಕೆಟ್ಟದಾಗಿ ಹೇಳಿರಲಾರರು.

ಆಕೆ ಪ್ರಿಂಟನ್ನು ನಿಧಾನವಾಗಿ ಸುತ್ತುತ್ತ ಹೇಳಿದಳು, “ಹಿಂದಿನ ಪೋರ್ಟಿಗೆ ಹಾಕ್ತಿದ್ರಿ ಅಂತ ನನಗೂ ಗೊತ್ತಿತ್ತು. ಧೂಳು ಹೊಡೆಯುವಾಗ ನೋಡಿದ್ದೆ. ಮೊದಲನೇ ವಾರ ಮುಂದೆ ಹಾಕಿದ್ರಿ, ಟೀ ಆರೋಕ್ಕೆ ಮುಂಚೆ ಹೊರಟ್ರಿ. ಹಿಂದೆ ಹಾಕಿದ ದಿನ ಕೂತ್ರಿ. ಅಷ್ಟೂ ಅರ್ಥವಾಗಲ್ವಾ ನನಗೆ? ಸುಮ್ಮನಿದ್ದೆ. ನನಗೂ ಬೇಕಾಗಿತ್ತು.”

“ಹಾಗಾದ್ರೆ...”

“ಅದರಲ್ಲಿ ನಾನೂ ಪಾಲುದಾರಳು. ಆದ್ರೆ ನಾನು ಬಾಗಿಲಲ್ಲಿ ನಿಂತು ಕೇಳಿದ್ನಲ್ಲ, ಎಲ್ಲಾ ಇದೆಯಾ ಅಂತ? ಅವತ್ತು ಇಲ್ಲ ಅಂದಿದ್ರೆ ಒಂದು ದಿನ ಬೈತಿದ್ದೆ. ಎರಡು ದಿನ. ಆಮೇಲೆ ಎಲ್ಲರನ್ನೂ ಮತ್ತೆ ಕರೆದು ಗಾಜಿನ ಮೇಲೆ ನಿಲ್ಲಿಸ್ತಿದ್ದೆ.” ಎದ್ದು ನಿಂತಳು. “ನಡೀರಿ. ಅಣ್ಣನ ಹತ್ರ ಹೋಗೋಣ.”

ಆಸ್ಪತ್ರೆಯ ಮಂಚದಲ್ಲಿ ಕನ್ನಡಿಯಣ್ಣ ಗಡ್ಡ ಬೆಳೆದು ಯಾರೋ ಬೇರೆಯವನಂತಿದ್ದ. ನಾನು ಹೇಳಿದ್ದನ್ನೆಲ್ಲ ಚಾವಣಿ ನೋಡುತ್ತ ಕೇಳಿದ.

“ಮೇಷ್ಟ್ರೇ, ವಾರಾ ವಾರಾ ನಲವತ್ತು ನಿಮಿಷ ಕೂತಿದ್ರಲ್ಲ. ಒಂದು ದಿನವಾದ್ರೂ ಮದುವೆ ಮಾತು ಎತ್ತಿದ್ರಾ?”

“ಇಲ್ಲ.”

“ಹಾಗಾದ್ರೆ ದಂಡಕ್ಕೆ ಹೋದ್ವು ನನ್ನ ಬೆರಳು,” ಎಂದು ನಕ್ಕ. ಆ ನಗು ನಡುದಾರಿಯಲ್ಲೇ ಮುರಿಯಿತು. ಗೋಡೆಯ ಕಡೆ ಹೊರಳಿದ. ನಾವು ಹೊರಡುವ ತನಕ ಮತ್ತೆ ಈ ಕಡೆ ತಿರುಗಲಿಲ್ಲ.

ತಿಂಗಳ ಮೇಲೆ ಒಂದು ಶನಿವಾರ ಆಕೆಯೇ ಕರೆದಳು. ಅಂಗಡಿ ಪೂರ್ತಿ ತೆರೆದಿತ್ತು. ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಮತ್ತೆ ಚಿತ್ರ ತೆಗೆಯಲು ಬರಹೇಳಿದ್ದಳು. ಪಟ್ಟಿ ಗೋಡೆಯ ಮೇಲಿತ್ತು. ಟೀ ಇರಲಿಲ್ಲ. ಮಡಿಲಲ್ಲಿ ನೋಟ್‌ಬುಕ್ ಇತ್ತು.

“ಕಲಿಸಿ,” ಎಂದಳು. “ಪೂರ್ತಿ.”

ಕಲಿಸಿದೆ. ಎರಡು ಡಿಸ್ಕ್ ಇಟ್ಟುಕೊಳ್ಳಿ. ಒಂದು ವಾರ ಇದು, ಇನ್ನೊಂದು ವಾರ ಅದು. ಕೆಲಸ ಮುಗಿದ ಮೇಲೆ ಕಳಚಿ ಮನೆಗೆ ಒಯ್ಯಿರಿ. ಅಂಗಡಿಗೆ ಬೆಂಕಿ ಬಿದ್ದರೂ ಅದು ಉಳಿಯಬೇಕು. ಪರದೆ ಏನು ಹೇಳುತ್ತದೋ ಓದಿ. ಮುಗಿದಿದೆ ಎಂದು ಅದು ಹೇಳಿದರೂ ನಂಬಬೇಡಿ, ನಕಲಿನಿಂದ ಒಂದು ಫೈಲನ್ನು ತೆರೆದು ಕಣ್ಣಾರೆ ನೋಡಿ. ಪ್ರತಿ ಚಿತ್ರದ ಹೆಸರಿನಲ್ಲೇ ತೆಗೆದ ದಿನವನ್ನು ಬರೆಯಿರಿ. ಯಾರಾದರೂ ‘ಎಲ್ಲಾ ಇದೆ’ ಎಂದರೆ, ತೋರಿಸಿ ಎನ್ನಿ.

ಕೊನೆಯದನ್ನು ಬರೆಯುವಾಗ ಅವಳ ಪೆನ್ನು ಒಂದು ಗಳಿಗೆ ತಡೆಯಿತು, ಆಮೇಲೆ ಬರೆದಳು.

ತಾನೇ ಡಿಸ್ಕ್ ಚುಚ್ಚಿ, ತಾನೇ ಕಾದು, ನಕಲಿನೊಳಗಿಂದ ಒಂದು ಚಿತ್ರವನ್ನು ತೆರೆದಳು. ಕನ್ನಡಿಯಣ್ಣನದು, ಗಾಯ ಮಾಯ್ದ ಮೇಲೆ ಹಿಂದಿನ ದಿನ ಅಂಗಡಿಗೆ ಬಂದವನನ್ನು ಇಬ್ಬರು ಹಿಡಿದು ಗಾಜಿನ ಮೇಲೆ ನಿಲ್ಲಿಸಿದ್ದರು. ಬಲಗಾಲಿನಲ್ಲಿ ಎರಡು ಬೆರಳಿನ ಜಾಗ ಬರಿದಾಗಿತ್ತು. ಅವು ಹೊರಬೇಕಾಗಿದ್ದ ಭಾರವೆಲ್ಲ ಮಿಕ್ಕ ಮೂರರ ಮೇಲೆ ಬಿದ್ದು ಅಲ್ಲೆಲ್ಲ ಕೆಂಪು.

ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು. ಚಿಕ್ಕಮ್ಮ ಎದ್ದು ಹಿತ್ತಲಿಗೆ ಹೋದರು.

“ನಿಮ್ಮ ಮೇಲೆ ನನಗೆ ಮನಸ್ಸಿತ್ತು,” ಎಂದಳು, ಪರದೆಯಿಂದ ಕಣ್ಣು ಕೀಳದೆ. “ಈಗಲೂ ಇದೆ. ಮುಚ್ಚಿಟ್ಟು ಏನು ಪ್ರಯೋಜನ? ಆದ್ರೆ ಅಣ್ಣ ನಾಳೆ ಆ ಬಾಗಿಲಲ್ಲಿ ಕೋಲು ಹಿಡ್ಕೊಂಡು ನಿಲ್ತಾನೆ. ಇಲ್ಲಿ ನಾವಿಬ್ಬರು ನಗ್ತಾ ಕೂತಿರೋದು... ನನ್ನ ಕೈಲಾಗಲ್ಲ.”

“ನನ್ನ ಕೈಲೂ ಆಗಲ್ಲ.”

“ಬೈಯೋಕೆ ಬಂದ್ರೆ ಬೈದು ಕಳಿಸ್ತಿದ್ದೆ. ಅದೂ ಬರ್ತಿಲ್ಲ, ನೋಡಿ.”

ಮೊದಲ ಸಲ, ಒಂದೇ ಸಲ, ಅವಳ ಅಂಗೈ ನನ್ನ ಕೈಯ ಮೇಲೆ ಬಂತು. ಒರಟು, ಬಿಸಿ. ಎಷ್ಟು ನಿಮಿಷವೆಂದು ನಾನು ಎಣಿಸಲಿಲ್ಲ. ತೆಗೆದ ಮೇಲೂ ಅದು ಅಲ್ಲಿತ್ತು.

“ಎಡಗಡೆ ಹೆಗಲಿಗೇ ಹಾಕಬೇಡಿ,” ಎಂದಳು ನಾನು ಚೀಲ ಎತ್ತುವಾಗ. ಅಷ್ಟೇ.

ನಾನು ಆ ಬೀದಿಯ ಕೆಲಸ ಬಿಟ್ಟೆ. ಈಗ ಬೇರೆ ಬೀದಿಗಳು, ಬೇರೆ ಅಂಗಡಿಗಳು. ನಕಲು ತೆಗೆಯಲು ಯಾರು ಕರೆದರೂ ಅವರ ಕೈಯಿಂದಲೇ ಮಾಡಿಸುತ್ತೇನೆ. ಯಾಕೆ ಮೇಷ್ಟ್ರೇ ಈ ಹಟ ಎಂದು ಕೇಳಿದವರಿಗೆ, ಒಬ್ಬ ಮನುಷ್ಯ ಎರಡು ಬೆರಳು ಕಳೆದುಕೊಂಡ ಕಥೆಯನ್ನು, ನನ್ನ ಪಾಲನ್ನು ಬಿಡದೆ, ಹೇಳುತ್ತೇನೆ.

ಮೊನ್ನೆ ಒಬ್ಬ ಗಡಿಯಾರದಂಗಡಿಯವನು ಪೂರ್ತಿ ಕೇಳಿ, “ಆಮೇಲೆ ಆ ಹೆಂಗಸು?” ಎಂದ.

“ಈಗ ಎಲ್ಲಾ ತಾನೇ ನೋಡ್ಕೋತಾಳೆ. ಒಂದು ವಾರವೂ ತಪ್ಪಿಸಲ್ಲವಂತೆ.”

“ಪರವಾಗಿಲ್ಲ, ಚೆನ್ನಾಗೇ ಕಲಿಸಿದ್ದೀರಿ ಬಿಡಿ,” ಎಂದು ಅವನು ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ಬಗ್ಗಿದ.