ಮುಚ್ಚಳವಿಲ್ಲದ ಶೀಫರ್

ಪಂಕಜಾ ದಬ್ಬಣಕ್ಕೆ ಬಿಳಿ ದಾರ ಪೋಣಿಸಿ, ಮುಗಿದ ಕೇಸಿನ ಕಾಗದಗಳನ್ನು ಅಂಚು ಸರಿಪಡಿಸಿ ಹೊಲಿಯುತ್ತಿದ್ದಳು. ಹೆಂಗಸರ ಪ್ರಕರಣ ಇಲ್ಲದ ದಿನ ಉಡುಪಿ ಠಾಣೆಯ ಒಬ್ಬಳೇ ಮಹಿಳಾ ಕಾನ್‌ಸ್ಟೇಬಲ್‌ಗೆ ಸಿಗುತ್ತಿದ್ದ ಕೆಲಸ ಅದು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಅವಳೂ ತಲೆಯೆತ್ತಲಿಲ್ಲ.

1982ರ ಅಕ್ಟೋಬರ್ 12, ಮಂಗಳವಾರ. ಬೆಳಗ್ಗೆ ಹನ್ನೊಂದೂಕಾಲಕ್ಕೆ ಮಣಿಪಾಲದ ಹೆಸರಾಂತ ಸರ್ಜನ್ ಡಾಕ್ಟರ್ ಮೌರಿಸ್ ಠಾಣೆಗೆ ಬಂದರು. ಬಂದವರೇ ಇನ್‌ಸ್ಪೆಕ್ಟರ್ ಮಧ್ವರಾಜರ ಮೇಜಿನ ಮೇಲೆ ಒಂದು ಪೆನ್ನಿನ ಮುಚ್ಚಳ ಇಟ್ಟರು. ಕಪ್ಪು ಮುಚ್ಚಳ, ಚಿನ್ನದ ಬಣ್ಣದ ಕ್ಲಿಪ್ಪು, ಮೇಲೊಂದು ಬಿಳಿ ಚುಕ್ಕೆ.

“ಪೆನ್ನು ಎಲ್ಲಿ ಡಾಕ್ಟ್ರೇ?”

“ಅದೇ ಹೋಯ್ತು. ಒಂದು ಗಂಟೆ ಕೂಡ ಆಗಲಿಲ್ಲ. ಪೋಸ್ಟ್ ಆಫೀಸಿನಲ್ಲಿ ಒಬ್ಬರು ಹೆಂಗಸು ಬರೆಯಲಿಕ್ಕೆ ಕೇಳಿದರು. ಕ್ಯಾಪ್ ಇಟ್ಟುಕೊಂಡು ಕೊಟ್ಟೆ. ತಿರುಗಿ ನೋಡುವಾಗ ಅವರಿಲ್ಲ.”

ಅಂಚೆ ಕಚೇರಿಯಲ್ಲಿ ಪೆನ್ನು ಕೇಳಿದವರಿಗೆ ಇಲ್ಲವೆನ್ನುವವರಿಲ್ಲ. ಆದರೆ ಮುಚ್ಚಳ ತಿರುಚಿ ತೆಗೆದು ಜೇಬಿಗೆ ಹಾಕಿಕೊಂಡೇ ಕೊಡುವುದು. ಶಾಯಿ ಸೋರುವ ಬರಿ ಪೆನ್ನನ್ನು ಯಾರೂ ಕೊಂಡೊಯ್ಯುವುದಿಲ್ಲವೆಂಬ ಧೈರ್ಯ.

“ಹೇಗಿದ್ದರು ಅವರು?”

“ವಯಸ್ಸಾದವರು. ದಪ್ಪ ಕನ್ನಡಕ ಉಂಟು. ನಾನು ಪೋಸ್ಟ್ ಮಾಸ್ಟರ್ ಹತ್ತಿರ ಮಾತಾಡುತ್ತಿದ್ದೆ, ಮುಖ ನೋಡಲಿಲ್ಲ.”

ಡಾಕ್ಟರರ ಮನೆಯಲ್ಲಿ ಪಾರ್ಕರ್, ಪೆಲಿಕನ್, ಪೈಲಟ್ ಎಂದು ಪೆನ್ನುಗಳ ಒಂದು ಕಪಾಟೇ ಇತ್ತು. ಗಾಜಿನೊಳಗೆ ಇಟ್ಟು ನೋಡುವವರಲ್ಲ ಅವರು. ವಾರದ ದಿನಕ್ಕೊಂದರಂತೆ ಶಾಯಿ ತುಂಬಿಸಿ ಮದ್ದಿನ ಚೀಟಿಯನ್ನೂ ಅದರಲ್ಲೇ ಬರೆಯುತ್ತಿದ್ದರು. ಹೋದದ್ದು ಮಂಗಳವಾರದ ಶೀಫರ್.

“ಬಿಲ್ಲು ಉಂಟಾ?”

“ಇಲ್ಲ. ಕಾಪುವಿನಲ್ಲಿ ನನಗೆ ಕಲಿಸಿದ ಟೀಚರ್ ಕೊಟ್ಟದ್ದು. ಮೆಡಿಕಲ್ ಸೀಟು ಸಿಕ್ಕಿದಾಗ. ನನ್ನ ಮೊದಲನೇ ಪೆನ್ನು ಅದು. ಉಳಿದವೆಲ್ಲ ಹೋದರೂ ನಾನು ಇಲ್ಲಿಗೆ ಬರುತ್ತಿರಲಿಲ್ಲ.”

“ಆ ಟೀಚರ್ ಗುರುತು ಹಿಡಿಯಬಹುದಾ?”

“ಅವರು ಈಗ ಇಲ್ಲವೇನೋ. ವಿಚಾರಿಸಲಿಕ್ಕೆ ಆಗಲೇ ಇಲ್ಲ.” ಡಾಕ್ಟರು ಎದ್ದರು. “ಸಿಕ್ಕಿದರೆ ಬಿಡಬೇಡಿ. ನಂಬಿ ಕೊಟ್ಟದ್ದನ್ನು ತೆಗೆದುಕೊಂಡು ಹೋಗುವುದೆಂದರೆ ಎಂತ?”

ಕಳವಿನ ಕಲಂ 379ರಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಅದರ ಒಂದು ಪ್ರತಿ ಕೋರ್ಟಿಗೂ ಹೋಯಿತು.

ಹೆಡ್ ಕಾನ್‌ಸ್ಟೇಬಲ್ ಹಯಗ್ರೀವ ಪಂಕಜಾಳ ಕಡೆ ಬಾಗಿ ಪಿಸುಗುಟ್ಟಿದ. “ನೋಡು ಮಾರಾಯ್ತಿ. ಮಲ್ಪೆಯಲ್ಲಿ ಇಡೀ ಬಲೆ ಕಳಕೊಂಡವ ನಿನ್ನೆಯಿಂದ ಹೊರಗಿನ ಬೆಂಚಿನಲ್ಲಿ ಉಂಟು. ಮುಚ್ಚಳ ಹಿಡಿದುಕೊಂಡು ಬಂದವರಿಗೆ ಕುರ್ಚಿ, ಕಾಫಿ!”

“ಕೇಳಿತು ಹಯಗ್ರೀವ,” ಎಂದರು ಮಧ್ವರಾಜರು. “ಬಲೆಗೆ ನೀನು ಹೋಗು. ಪಂಕಜಾ, ಇಲ್ಲಿ ಬಾ. ಮಾರುವ ಕಳ್ಳ ಕ್ಯಾಪ್ ಇಲ್ಲದ ಪೆನ್ನು ಮುಟ್ಟುತ್ತಾನಾ?”

“ಇಲ್ಲ ಸಾರ್.”

“ಮತ್ತೆ ಯಾರು?”

ಅವಳು ಮುಚ್ಚಳವನ್ನು ಎತ್ತಿ ತಿರುಗಿಸಿ ನೋಡಿದಳು. “ಬರೆಯುವವರು ಸಾರ್. ಅವರಿಗೆ ಕ್ಯಾಪ್ ಬೇಕಾಗ್ತದೆ. ಇಲ್ಲದಿದ್ದರೆ ಒಣಗ್ತದೆ.”

ಇಂಥ ಪೆನ್ನು ರಿಪೇರಿ ಮಾಡುವವರು ಉಡುಪಿಯಲ್ಲೊಬ್ಬರು, ಕಾರ್ಕಳದಲ್ಲೊಬ್ಬರು. ಉಡುಪಿಯವರಲ್ಲಿ ಯಾರೂ ಬಂದಿರಲಿಲ್ಲ. ಗುರುವಾರ ಪಂಕಜಾ ಹಿರಿಯಡ್ಕ ದಾಟಿ ಕಾರ್ಕಳಕ್ಕೆ ಹೋದಳು. ಅಂಗಡಿಯ ಜಾರ್ಜ್ ಕೇಳಿದ ಕೂಡಲೇ ಹೇಳಿದ. “ನಿನ್ನೆ ಒಬ್ಬರು ವಯಸ್ಸಾದ ಅಮ್ಮ ಬಂದಿದ್ದರು. ಕರಿ ಶೀಫರಿಗೆ ಕ್ಯಾಪ್ ಉಂಟಾ ಅಂತ ಕೇಳಿದರು. ಹಳೆ ಸಾಮಾನಿನಲ್ಲಿ ಹುಡುಕಿಡುತ್ತೇನೆ, ಶನಿವಾರ ಬನ್ನಿ ಅಂದೆ. ಎಂತ, ಕಳ್ಳಮಾಲಾ? ಪಾಪದ ಹಾಗೆ ಕಂಡರು.”

ಶನಿವಾರ ಪಂಕಜಾ ಸಾದಾ ಸೀರೆ ಉಟ್ಟು ಅಂಗಡಿಯ ಒಳಗೆ ಸ್ಟೂಲಿನ ಮೇಲೆ ಕುಳಿತಳು. ಇನ್‌ಸ್ಪೆಕ್ಟರರ ಜೀಪು ಪಕ್ಕದ ಓಣಿಯಲ್ಲಿತ್ತು. ಹತ್ತೂವರೆಗೆ ಮುದುಕಿಯೊಬ್ಬರು ಗಲ್ಲಾದ ಅಂಚು ಹಿಡಿದು ನಿಂತರು. ಇಸ್ತ್ರಿ ಮಾಡಿದ ಹಳೆಯ ಹತ್ತಿ ಸೀರೆ. ಮಡಿಸಿದ ಕರವಸ್ತ್ರ ಬಿಚ್ಚಿ ಪೆನ್ನು ಹೊರತೆಗೆದರು. ನಿಬ್ಬಿಗೆ ಒದ್ದೆ ಬಟ್ಟೆ ಸುತ್ತಿತ್ತು.

“ಕ್ಯಾಪ್ ಸಿಕ್ಕಿತಾ ಜಾರ್ಜ್?”

ಜಾರ್ಜ್ ಪಂಕಜಾಳ ಮುಖ ನೋಡಿದ. ಅವಳು ಎದ್ದು ಬಂದು ಡಾಕ್ಟರು ಕೊಟ್ಟಿದ್ದ ಮುಚ್ಚಳವನ್ನು ಗಲ್ಲಾದ ಮೇಲಿಟ್ಟಳು. ಮುದುಕಿ ಅದನ್ನು ತೆಗೆದುಕೊಂಡು, ಬಟ್ಟೆ ಬಿಡಿಸಿ, ಕಣ್ಣು ಹಾಯಿಸದೆಯೇ ತಿರುಚಿ ಕೂರಿಸಿದರು. ಕೈಗೆ ಅಭ್ಯಾಸವಿತ್ತು. ಆಮೇಲೆ ಬಿಳಿ ಚುಕ್ಕೆಯನ್ನು ಹೆಬ್ಬೆರಳಿನಿಂದ ಸವರಿದರು.

“ನೀನು ಪೊಲೀಸಾ ಮಗಾ?”

“ಹೌದು ಅಮ್ಮ.”

“ಆಗಲಿ,” ಎಂದು ಪೆನ್ನನ್ನು ಅವಳ ಕೈಗೆ ಕೊಟ್ಟರು.

ಇಬ್ಬರು ಪಂಚರ ಎದುರು ಪಂಚನಾಮೆಯಾಯಿತು. ಪೆನ್ನನ್ನು ಕಾಗದದಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು. ಹೆಸರು ಬರ್ತಾ, ವಯಸ್ಸು ಎಪ್ಪತ್ತೊಂದು, ನಿವೃತ್ತ ಶಿಕ್ಷಕಿ, ವಾಸ ಕಾರ್ಕಳದಲ್ಲಿ ತಂಗಿಯ ಮಗಳ ಮನೆ. ಜೀಪಿನಲ್ಲಿ ಪಂಕಜಾ ಅವರ ಪಕ್ಕದಲ್ಲಿ ಕುಳಿತಳು. ಮುಂದಿನ ಸೀಟಿನಿಂದ ಮಧ್ವರಾಜರು ಕೇಳಿದರು.

“ಮೊದಲು ಎಲ್ಲಿ ಕಲಿಸಿದ್ದು?”

“ಕಾಪುವಿನಲ್ಲಿ.”

ಮಧ್ವರಾಜರು ತಿರುಗಿ ನೋಡಿದರು.

“ಈ ಪೆನ್ನು ನಿಮ್ಮದಾ?”

“ಆಗಿತ್ತು. ಅಣ್ಣ ಆಫ್ರಿಕಾದ ಮೊಂಬಾಸಾದಿಂದ ತಂದುಕೊಟ್ಟದ್ದು. ಮೌರಿಸ್‌ಗೆ ಸೀಟು ಸಿಕ್ಕಿದಾಗ ಕೊಟ್ಟೆ. ಕೊಟ್ಟದ್ದು ಕೊಟ್ಟ ಹಾಗೆ. ಈಗ ನನ್ನದು ಅಂತ ಹೇಳುವುದಿಲ್ಲ.”

“ಮತ್ತೆ ಯಾಕೆ ತೆಗೆದುಕೊಂಡಿರಿ?”

ಜೀಪು ಬೈಲೂರು ದಾಟಿದ ಮೇಲೆ ಬರ್ತಾ ಟೀಚರ್ ರಸ್ತೆ ನೋಡುತ್ತಲೇ ಹೇಳಿದರು.

“ನನಗೆ ಅವನ ಗುರುತು ಸಿಕ್ಕಿತ್ತು. ಮಾತಾಡಿಸಲಿಕ್ಕೆ ಒಂದು ನೆವ ಬೇಕಲ್ವಾ, ಅದಕ್ಕೇ ಪೆನ್ನು ಕೇಳಿದೆ. ಜೇಬಿನಿಂದ ಇದನ್ನೇ ತೆಗೆದ! ಮೂವತ್ತು ವರ್ಷವಾದರೂ ಇದರಲ್ಲೇ ಬರೆಯುತ್ತಾನಲ್ಲ ಅಂತ ಎಷ್ಟು ಸಂತೋಷವಾಯ್ತು ಗೊತ್ತುಂಟಾ? ಅವನು ಮುಖ ನೋಡಲಿಲ್ಲ. ಕ್ಯಾಪ್ ತೆಗೆದು ಜೇಬಿಗೆ ಹಾಕಿಕೊಂಡು, ಬೇಗ ಕೊಡಿ ಅಮ್ಮಾ ಅಂದ.” ಅವರು ಸೆರಗಿನಿಂದ ಕನ್ನಡಕ ಒರೆಸಿದರು. “ಹೆಸರು ಬರೆದೆ. ನಿಬ್ಬು ಮೊದಲಿನ ಹಾಗೇ ಓಡಿತು. ಅಷ್ಟೇ. ಹೊರಗೆ ಬಂದುಬಿಟ್ಟೆ. ತಿರುಗಿ ಹೋಗಿ ಕೊಡಬೇಕಿತ್ತು. ತಪ್ಪು ನನ್ನದೇ.”

ಮಾಲು ಗುರುತಿಸಲು ಕರೆಸಿದ್ದ ಡಾಕ್ಟರು ಒಂದು ಗಂಟೆಗೆ ಠಾಣೆಗೆ ಬಂದರು. “ಸಿಕ್ಕಿತಂತೆ! ಭೇಷ್, ಯಾರು ಅವರು?” ಎನ್ನುತ್ತಲೇ ಒಳಗೆ ಕಾಲಿಟ್ಟವರು ಬೆಂಚಿನ ಎದುರು ನಿಂತುಬಿಟ್ಟರು. ಈ ಸಲ ಮುಖ ನೋಡಿದರು.

“ಬರ್ತಾ ಟೀಚರ್?”

ಟೀಚರ್ ಎದುರಿನ ಗೋಡೆ ನೋಡುತ್ತಿದ್ದರು.

“ಇನ್‌ಸ್ಪೆಕ್ಟ್ರೇ, ಕೇಸು ಬೇಡ. ಪೆನ್ನು ಅವರದ್ದೇ. ನಾನು ಬರೆದುಕೊಡುತ್ತೇನೆ.”

“ಎಫ್‌ಐಆರ್ ಕೋರ್ಟಿಗೆ ಹೋಗಿ ಆಯ್ತು ಡಾಕ್ಟ್ರೇ,” ಮಧ್ವರಾಜರು ಮೆಲ್ಲಗೆ ಹೇಳಿದರು. “ಇನ್ನು ನಮ್ಮ ಕೈಯಲ್ಲಿಲ್ಲ. ಮ್ಯಾಜಿಸ್ಟ್ರೇಟರ ಎದುರು ಹಾಜರು ಮಾಡಲೇಬೇಕು. ಹೇಳುವುದಿದ್ದರೆ ಅಲ್ಲಿ ಹೇಳಿ, ಜಾಮೀನಿಗೂ ನಿಲ್ಲಿ.”

“ಅಲ್ಲ, ಇವರನ್ನು...”

“ಬಿಡಬೇಡಿ ಅಂದವರು ನೀವೇ.”

ದಸ್ತಗಿರಿ ಕಾಗದಕ್ಕೆ ಸಹಿ ಹಾಕಲು ಪಂಕಜಾ ತನ್ನ ಬಾಲ್ ಪೆನ್ನನ್ನು ಮುಂದೆ ಚಾಚಿದಳು. ಬರ್ತಾ ಟೀಚರ್ ನಿಧಾನವಾಗಿ, ಅಕ್ಷರ ಕೆಡದಂತೆ ಬರೆದು, ಎರಡೂ ಕೈಯಲ್ಲಿ ಹಿಡಿದು ಅದನ್ನು ಹಿಂದಿರುಗಿಸಿದರು.

ಜೀಪು ಬಲೆಯ ಕೇಸಿಗೆಂದು ಮಲ್ಪೆಗೆ ಹೋಗಿತ್ತು. ಕೋರ್ಟು ದೂರವಿರಲಿಲ್ಲ. ಪಂಕಜಾ ಅವರ ತೋಳು ಹಿಡಿದು ಮೆಟ್ಟಿಲಿಳಿಸಿದಳು. ಆ ತೋಳು ಒಣ ಕಡ್ಡಿಯಷ್ಟು ಹಗುರವಾಗಿತ್ತು. ತಾನು ಮುಚ್ಚಳವನ್ನು ಗಲ್ಲಾದ ಮೇಲೆ ಇಡದೇ ಇದ್ದಿದ್ದರೆ ಎಂದು ಅವಳಿಗೆ ಅನ್ನಿಸಿತು. ಅದನ್ನು ಹೇಳಿಕೊಳ್ಳುವಂಥವರು ಅಲ್ಲಿ ಯಾರೂ ಇರಲಿಲ್ಲ. ಡಾಕ್ಟರು ಓಡಿ ಬಂದು ತಮ್ಮ ಫಿಯಟ್ಟಿನ ಹಿಂದಿನ ಬಾಗಿಲು ತೆರೆದು ನಿಂತರು. ಬರ್ತಾ ಟೀಚರ್ ಬಾಗಿಲಿನ ಪಕ್ಕದಲ್ಲೇ ಹಾದು ರಸ್ತೆಗಿಳಿದರು. ಪಂಕಜಾ ಅವರ ಹೆಜ್ಜೆಗೆ ಹೆಜ್ಜೆ ಹಾಕಿದಳು.

ಡಾಕ್ಟರು ಹಿಂದಿನಿಂದ ಕೂಗಿದರು. “ಟೀಚರ್, ಬಿಸಿಲು ಉಂಟು. ಕಾರಿನಲ್ಲಿ ಕೂತ್ಕೊಳ್ಳಿ.”